ಮೊದಲ ಕಂತಿನ ಬಾಕಿ

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ 'ಕಂತು' ಎಂದರೆ ಸಾಲ ತೀರಿಸುವ ಕಂತು ಒಂದೇ. ಟಿ.ವಿ. ಧಾರಾವಾಹಿಗೂ ಕಂತುಗಳಿರುತ್ತವೆ ಎಂಬುದು ಆಮೇಲೆ ತಿಳಿದದ್ದು. ಈ ಎರಡೂ ಒಂದೇ ಲೆಕ್ಕದಲ್ಲಿ ಸೇರಿಕೊಂಡದ್ದು ಹೋದ ತಿಂಗಳ ಒಂದು ಭಾನುವಾರ, ನಾನೂ ನನ್ನ ಮೊಮ್ಮಗಳೂ ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಹೊರಟಾಗ. ದೂರ ಏಳೆಂಟು ಕಿಲೋಮೀಟರು ಅಷ್ಟೇ. ಆದರೆ ನಾನು ತೀರಿಸಲು ಹೊರಟಿದ್ದ ಬಾಕಿಗೆ ನಲವತ್ತು ವರ್ಷ ವಯಸ್ಸಾಗಿತ್ತು.

ಬಾಕಿ ಏನು ಗೊತ್ತೆ ಮಕ್ಕಳೇ? ಒಂದು ಮಸಾಲೆ ದೋಸೆ.

ಬೆಳಗ್ಗೆ ಏಳೂವರೆಗೇ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮುಂದೆ ಜನ ಸೇರಿದ್ದರು. 1943ರಲ್ಲಿ ಶುರುವಾದ ಹೋಟೆಲು ಅದು. ಗೋಡೆಯ ಮೇಲೆ ನಾಡಿನ ದೊಡ್ಡವರ ಚಿತ್ರಗಳು, ಮಾಣಿಯ ಒಂದೇ ಕೈಮೇಲೆ ಏಣಿಯಂತೆ ಏರಿದ ದೋಸೆಯ ತಟ್ಟೆಗಳು. ಏಳನೇ ತರಗತಿಯ ಮೊಮ್ಮಗಳಿಗೆ ತಿನ್ನುವುದಕ್ಕಿಂತ ತಟ್ಟೆ ಎಣಿಸುವುದೇ ಸಂಭ್ರಮ. ಇಬ್ಬರೂ ತಿಂದು, ಇನ್ನೊಂದು ದೋಸೆಯನ್ನು ಕಟ್ಟಿಸಿಕೊಂಡೆವು.

"ತಾತ, ನಲವತ್ತು ವರ್ಷಕ್ಕೆ ಬಡ್ಡಿ ಹಾಕಿದರೆ ಎಷ್ಟು ದೋಸೆ ಆಗುತ್ತೆ?" ಎಂದಳು.

"ಚಕ್ರಬಡ್ಡಿ ಹಾಕಿದರೆ ನನ್ನ ಪಿಂಚಣಿ ಸಾಲದು. ನಡಿ," ಎಂದೆ.

ಮೆಟ್ರೋ ಹಿಡಿಯುವುದಾದರೆ ನ್ಯಾಷನಲ್ ಕಾಲೇಜಿನ ನಿಲ್ದಾಣವೇ ಹತ್ತಿರ. ಆದರೆ ನಾನು ಅವಳನ್ನು ಬುಲ್ ಟೆಂಪಲ್ ರಸ್ತೆಯಲ್ಲಿ ನಡೆಸಿಕೊಂಡು, ರಾಮಕೃಷ್ಣ ಆಶ್ರಮ ದಾಟಿ, ಚಾಮರಾಜಪೇಟೆಯ ಕಡೆಗೆ ಹೊರಟೆ. ಸಾಲ ಮಾಡಿದ ಜಾಗ ನೋಡದೆ ಸಾಲ ತೀರಿಸಬಾರದು.

ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರಗಳು ಅದರ ತಮ್ಮಂದಿರು. 1898ರಲ್ಲಿ ಊರಿಗೆ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಮನೆಗಳಲ್ಲಿ ಜನ ಸತ್ತ ಮೇಲೆ, ಗಾಳಿ ಬೆಳಕು ಬರುವ ಹಾಗೆ ಅಗಲ ರಸ್ತೆ ಬಿಟ್ಟು ಕಟ್ಟಿದ ಬಡಾವಣೆಗಳು ಅವು. ಪಂಪ ಮಹಾಕವಿ ರಸ್ತೆಯ ಕನ್ನಡ ಸಾಹಿತ್ಯ ಪರಿಷತ್ತಿನ ಕಟ್ಟಡ ತೋರಿಸಿದೆ. ಆರ್. ಕಲ್ಯಾಣಮ್ಮನವರು ಕಟ್ಟಿದ ಮಕ್ಕಳ ಕೂಟದ ಹತ್ತಿರ ಸ್ವಲ್ಪ ಕೂತು ಮಂಡಿ ನೋವು ಇಳಿಸಿಕೊಂಡೆ. ಅಲ್ಲಿಂದ ಎರಡು ಅಡ್ಡರಸ್ತೆ ದಾಟಿದರೆ ನಮ್ಮ ಹಳೆಯ ವಠಾರ.

ವಠಾರವೇನೂ ಉಳಿದಿಲ್ಲ. ನಾಲ್ಕು ಅಂತಸ್ತಿನ ಕಟ್ಟಡ, ಕೆಳಗೆ ಕಾರುಗಳು. ನಾನು ಮಾತ್ರ ಗೇಟಿನ ಹೊರಗೆ ನಿಂತು, "ಇಲ್ಲಿ ನಲ್ಲಿ, ಇಲ್ಲಿ ಒಗೆಯುವ ಕಲ್ಲು, ಇಲ್ಲಿ ನಮ್ಮ ಮನೆ, ಪಕ್ಕದಲ್ಲಿ ರಾಯರ ಮನೆ, ಕೊನೆಯಲ್ಲಿ ಓನರ್ ಮನೆ," ಎಂದು ಗಾಳಿಯಲ್ಲಿ ಗೆರೆ ಎಳೆದೆ. ಕಾವಲುಗಾರ ನನ್ನನ್ನು ಅನುಮಾನದಿಂದ ನೋಡಿದ.

ಆರು ಮನೆಗಳ ಆ ವಠಾರದಲ್ಲಿ ಟಿ.ವಿ. ಇದ್ದದ್ದು ಓನರ್ ಮನೆಯಲ್ಲಿ ಒಂದೇ. ಮರದ ಬಾಗಿಲಿನ ಪೆಟ್ಟಿಗೆ, ಕಪ್ಪುಬಿಳುಪು ಚಿತ್ರ, ಪಕ್ಕದಲ್ಲಿ ಗುಂಯ್‌ಗುಡುವ ಸ್ಟೆಬಿಲೈಸರ್. ಮಹಡಿಯ ಆಂಟೆನಾ ಮೇಲೆ ಕಾಗೆ ಕೂತರೆ ಚಿತ್ರವೂ ಅಲ್ಲಾಡುತ್ತಿತ್ತು. 1982ರ ದೆಹಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ದೇಶಕ್ಕೆ ಬಣ್ಣದ ಟಿ.ವಿ. ಬಂದಿತ್ತು, ನಮ್ಮ ವಠಾರಕ್ಕೆ ಬಂದಿರಲಿಲ್ಲ. ಇದ್ದದ್ದು ದೂರದರ್ಶನ ಒಂದೇ. 1987ರಲ್ಲಿ 'ರಾಮಾಯಣ' ಶುರುವಾಗಿ ಭಾನುವಾರದ ಬೆಳಗನ್ನು ತನ್ನದಾಗಿಸಿಕೊಳ್ಳುವುದಕ್ಕೆ ಕೆಲವು ವರ್ಷ ಮುಂಚೆ, ಭಾನುವಾರ ಬೆಳಗ್ಗೆ ನಮ್ಮನ್ನು ಹಿಡಿದು ಕೂರಿಸಿದ್ದು ಅಮೆರಿಕದ ಒಂದು ಧಾರಾವಾಹಿ: 'ಸ್ಟಾರ್ ಟ್ರೆಕ್'. ಎಂಟರ್‌ಪ್ರೈಸ್ ಎಂಬ ಆಕಾಶನೌಕೆ, ಕ್ಯಾಪ್ಟನ್ ಕರ್ಕ್, ಚೂಪು ಕಿವಿಯ ಸ್ಪಾಕ್. ಓನರ್ ಹೆಂಡತಿ ಸ್ಪಾಕ್‌ನನ್ನು "ಆ ಮೊಲದ ಕಿವಿಯವನು" ಎನ್ನುತ್ತಿದ್ದರು. ಅವರಿಗೆ ಅವನನ್ನು ಕಂಡರೆ ಬಹಳ ಇಷ್ಟ. ಸಿಟ್ಟು ಮಾಡಿಕೊಳ್ಳುವುದಿಲ್ಲ, ನಗುವುದೂ ಇಲ್ಲ, ಹೇಳಿದ ಕೆಲಸ ಮಾಡುತ್ತಾನೆ.

ಇಂಗ್ಲಿಷ್ ಎಲ್ಲರಿಗೂ ಅರ್ಥವಾಗುತ್ತಿರಲಿಲ್ಲ. ಕನ್ನಡದಲ್ಲಿ ಹೇಳುತ್ತಿದ್ದವರು ಪಕ್ಕದ ಮನೆಯ ರಾಯರು. ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ ಪ್ರೂಫ್ ನೋಡುವ ಕೆಲಸ ಅವರದು. ನನಗಿಂತ ಆರು ವರ್ಷ ದೊಡ್ಡವರು. ಮದುವೆಯ ಕರೆಯೋಲೆ ಕೈಗೆ ಕೊಟ್ಟರೂ ಮೊದಲು ತಪ್ಪು ಹುಡುಕಿ ಆಮೇಲೆ ಶುಭ ಹಾರೈಸುವವರು. ನನ್ನನ್ನು ಹೆಸರು ಹಿಡಿದು ಕರೆದವರಲ್ಲ. "ಏನಯ್ಯಾ ಬ್ಯಾಂಕು" ಎನ್ನುತ್ತಿದ್ದರು.

ಒಂದು ಭಾನುವಾರ ಬಂದ ಕತೆ ಹೀಗಿತ್ತು. ಕರ್ಕ್‌ಗಿಂತ ಮೊದಲು ಆ ನೌಕೆಗೆ ಪೈಕ್ ಎಂಬ ಕ್ಯಾಪ್ಟನ್ ಇದ್ದ. ಅಪಘಾತದಲ್ಲಿ ಅವನ ಮೈ ಪೂರ್ತಿ ಸುಟ್ಟು, ಗಾಲಿಯ ಪೆಟ್ಟಿಗೆಯಂಥ ಕುರ್ಚಿಯಲ್ಲಿ ಕೂತಿದ್ದಾನೆ. ಕೈಕಾಲು ಆಡುವುದಿಲ್ಲ, ಮಾತಿಲ್ಲ. ಕುರ್ಚಿಯಲ್ಲಿ ಒಂದು ದೀಪ. ಒಂದು ಸಲ ಮಿನುಗಿದರೆ 'ಹೌದು', ಎರಡು ಸಲ ಮಿನುಗಿದರೆ 'ಅಲ್ಲ'. ಆ ಪೈಕ್‌ನನ್ನು ಸ್ಪಾಕ್ ಯಾರಿಗೂ ಹೇಳದೆ ಎಂಟರ್‌ಪ್ರೈಸ್‌ನಲ್ಲಿ ಕೂರಿಸಿಕೊಂಡು, ಹೋಗಲೇಬಾರದೆಂದು ಕಟ್ಟಪ್ಪಣೆ ಇದ್ದ ಒಂದು ಗ್ರಹದ ಕಡೆ ಹೊರಡುತ್ತಾನೆ. ಏಕೆ ಎಂದು ವಿಚಾರಣೆ ನಡೆದಾಗ, ಪೈಕ್ ಗಟ್ಟಿಯಾಗಿದ್ದ ಕಾಲದ ಹಳೆಯ ಸಾಹಸವೊಂದನ್ನು ಪರದೆಯ ಮೇಲೆ ತೋರಿಸುತ್ತಾರೆ.

ಆ ಹಳೆಯ ಸಾಹಸ ಬರುತ್ತಿದ್ದಂತೆ ರಾಯರು ನೆಟ್ಟಗೆ ಕೂತರು. "ಲೋ ಬ್ಯಾಂಕು, ಇದು ಬೇರೆ ಕೇಸಿನ ಅಚ್ಚುಮೊಳೆ ಕಣಯ್ಯಾ! ಅಂಗಿಯ ಕಾಲರು ನೋಡು, ಬೇರೆ. ಸ್ಪಾಕ್ ನೋಡು, ಗಿಡ ಮುಟ್ಟಿ ನಕ್ಕ! ಅವನು ನಗೋನೇ? ಇದು ಯಾವುದೋ ಹಳೆಯ ಪ್ರಿಂಟು. ಇದಕ್ಕೆ ತಂದು ಅಂಟಿಸಿದ್ದಾರೆ."

ನಾನು ಒಪ್ಪಲಿಲ್ಲ. "ಹಳೆಯ ಕಾಲ ತೋರಿಸಬೇಕಲ್ಲ ರಾಯರೇ, ಅದಕ್ಕೆ ಬೇರೆ ಬಟ್ಟೆ ಹಾಕಿಸಿ ಈಗಲೇ ತೆಗೆದಿದ್ದಾರೆ. ಶುರುವಾಗದ ಧಾರಾವಾಹಿಗೆ ಹಳೆಯ ಪ್ರಿಂಟು ಎಲ್ಲಿಂದ ಬರುತ್ತೆ?" ಮಾತಿಗೆ ಮಾತು ಬೆಳೆಯಿತು. ಸೋತವರು ಗೆದ್ದವರಿಗೆ ವಿದ್ಯಾರ್ಥಿ ಭವನದ ಮಸಾಲೆ ದೋಸೆ ಕೊಡಿಸುವುದೆಂದು ಪಂಥವಾಯಿತು. ತೀರ್ಪು ಕೊಡುವವರು ಯಾರೂ ಇರಲಿಲ್ಲ.

ಆಮೇಲೆ ನನಗೆ ವರ್ಗವಾಯಿತು. ಊರೂರು ಸುತ್ತಿ ಬರುವ ಹೊತ್ತಿಗೆ ರಾಯರು ಮಲ್ಲೇಶ್ವರ ಸೇರಿದ್ದರು. ಮದುವೆ ಮುಂಜಿಗಳಲ್ಲಿ ಸಿಕ್ಕಾಗಲೆಲ್ಲ, "ಬ್ಯಾಂಕು, ನನ್ನ ದೋಸೆ?" ಎನ್ನುವರು. "ವೋಚರ್ ತನ್ನಿ ಸ್ವಾಮಿ. ವೋಚರ್ ಇಲ್ಲದೆ ಹಣ ಕೊಟ್ಟವನಲ್ಲ ನಾನು," ಎನ್ನುತ್ತಿದ್ದೆ. ಹೀಗೇ ನಲವತ್ತು ವರ್ಷ ನಗುತ್ತಾ ಕಳೆಯಿತು.

ಹೋದ ವರ್ಷ ರಾಯರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಮಾತು ನಿಂತಿತು. ನಾನು ಒಂದು ಸಲ ನೋಡಲು ಹೋದೆ. ಇಪ್ಪತ್ತು ನಿಮಿಷ ಕೂತೆ. ಅಷ್ಟು ಮಾತಿನ ಮನುಷ್ಯ ಸುಮ್ಮನೆ ನನ್ನನ್ನೇ ನೋಡುತ್ತಿದ್ದರು. ನನಗೆ ಏನು ಮಾತಾಡಬೇಕೋ ತೋಚಲಿಲ್ಲ. ಹಣ್ಣಿನ ಚೀಲ ಇಟ್ಟು ಎದ್ದು ಬಂದವನು ಎಂಟು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಮಳೆ ಎಂದೆ, ಮಂಡಿ ಎಂದೆ, ಟ್ರಾಫಿಕ್ ಎಂದೆ. ನಿಜ ಹೇಳಬೇಕೆಂದರೆ ಹೆದರಿಕೆ. ಇದನ್ನು ನಾನು ಮನೆಯಲ್ಲೂ ಯಾರಿಗೂ ಹೇಳಿರಲಿಲ್ಲ.

ಹೋದ ತಿಂಗಳು ಒಂದು ಸಂಜೆ ಮೊಮ್ಮಗಳು ಟ್ಯಾಬ್ ಹಿಡಿದುಕೊಂಡು ಬಂದಳು. "ತಾತ, ನೀನು ಹೇಳ್ತಿದ್ದೆಯಲ್ಲ, ಸ್ಪಾಕ್ ನಗೋದೇ ಇಲ್ಲ ಅಂತ? ಇಲ್ಲಿ ನೋಡು, ನಗ್ತಿದ್ದಾನೆ. ಇದು ಪೈಲಟ್ ಎಪಿಸೋಡ್."

ಪೈಲಟ್ ಎಂದರೆ ವಿಮಾನ ನಡೆಸುವವನು ಎಂದುಕೊಂಡಿದ್ದ ನನಗೆ ಅವಳೇ ಬಿಡಿಸಿ ಹೇಳಿದಳು. ಧಾರಾವಾಹಿ ಶುರು ಮಾಡುವ ಮುಂಚೆ ಮಾದರಿಗೆಂದು ಒಂದೇ ಕಂತು ತಯಾರಿಸಿ ವಾಹಿನಿಯವರಿಗೆ ತೋರಿಸುತ್ತಾರೆ. ಅವರು ಒಪ್ಪಿದರೆ ಮುಂದಿನ ಕಂತುಗಳು, ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು.

"ಅಂದರೆ ಮೊದಲನೇ ದೋಸೆ," ಎಂದಳು ನನ್ನ ಹೆಂಡತಿ ಅಡುಗೆಮನೆಯಿಂದ. ಕಾವಲಿ ಕಾದಿದೆಯೋ ಇಲ್ಲವೋ, ಹಿಟ್ಟು ಹದವಾಗಿದೆಯೋ ಇಲ್ಲವೋ, ನೋಡಲು ಹುಯ್ಯುವ ದೋಸೆ. ಅದು ಕಿತ್ತುಹೋದರೆ ಯಾರೂ ಹಿಟ್ಟು ಚೆಲ್ಲುವುದಿಲ್ಲ.

'ಸ್ಟಾರ್ ಟ್ರೆಕ್'ನ ಮೊದಲನೇ ದೋಸೆಯೂ ಕಾವಲಿಗೆ ಕಚ್ಚಿಕೊಂಡಿತ್ತು. ಜೀನ್ ರಾಡನ್‌ಬರಿ ಎಂಬಾತ, ಹಿಂದೆ ವಿಮಾನ ನಡೆಸಿದ್ದವನು, ಪೊಲೀಸನೂ ಆಗಿದ್ದವನು, ಈ ಧಾರಾವಾಹಿ ಕಲ್ಪಿಸಿದ. 1964ರ ಕೊನೆಯಲ್ಲಿ ಮೊದಲ ಕಂತಿನ ಚಿತ್ರೀಕರಣ ನಡೆಯಿತು. ಖರ್ಚು ಆರು ಲಕ್ಷ ಡಾಲರಿಗೂ ಹೆಚ್ಚು. ಹೆಸರು 'ದ ಕೇಜ್', ಅಂದರೆ ಪಂಜರ. ನೋಡಿದ ಎನ್‌ಬಿಸಿ ವಾಹಿನಿಯವರು ಬೇಡವೆಂದರು. ತಲೆಗೆ ಕೆಲಸ ಜಾಸ್ತಿ, ಹೊಡೆದಾಟ ಕಡಿಮೆ ಎಂಬುದು ಅವರ ಆಕ್ಷೇಪ. ಆದರೆ ಅವರು ಅಪರೂಪದ ಒಂದು ಕೆಲಸ ಮಾಡಿದರು. ಇನ್ನೊಂದು ಮಾದರಿ ಮಾಡಿ ತನ್ನಿ ಎಂದರು. 1965ರಲ್ಲಿ ಎರಡನೆಯದು ತಯಾರಾಯಿತು. ಮೊದಲನೆಯದರ ಪಾತ್ರಗಳಲ್ಲಿ ಸ್ಪಾಕ್ ಒಬ್ಬನೇ ಉಳಿದ. ಪೈಕ್ ಹೋಗಿ ಕರ್ಕ್ ಬಂದ. 1966ರ ಸೆಪ್ಟೆಂಬರ್ 8ರಂದು ಧಾರಾವಾಹಿ ಶುರುವಾಗಿ ಮೂರು ವರ್ಷಗಳಲ್ಲಿ 79 ಕಂತು ಬಂದವು.

ಹಾಗಾದರೆ ಬೇಡವೆಂದ ಮೊದಲ ಕಂತು? ವಾರವಾರಕ್ಕೆ ಕಂತು ಒದಗಿಸುವುದು ಕಷ್ಟವಾದಾಗ, ಬೀರುವಿನಲ್ಲಿದ್ದ ಅದನ್ನೇ ಹೊರತೆಗೆದರು. ಸುತ್ತಲೂ ಹೊಸ ಕತೆ ಕಟ್ಟಿದರು: ಗಾಲಿಕುರ್ಚಿಯ ಪೈಕ್, ಸ್ಪಾಕ್‌ನ ವಿಚಾರಣೆ, ಪರದೆಯ ಮೇಲೆ ಹಳೆಯ ಸಾಹಸ. ಎರಡು ಭಾಗದ ಆ ಕತೆಯ ಹೆಸರು 'ದ ಮೆನಾಜೆರಿ'. 1966ರ ನವೆಂಬರಿನಲ್ಲಿ ಅಮೆರಿಕದಲ್ಲಿ ಪ್ರಸಾರವಾಯಿತು.

ರಾಯರು ಹೇಳಿದ್ದು ಅಕ್ಷರಶಃ ನಿಜ! ಅದು ಬೇರೆ ಕೇಸಿನ ಮೊಳೆಯೇ. ನನ್ನ ಪರವಾಗಿ ಒಂದೇ ಮಾತು ಹೇಳಬಹುದು: ಮೊದಲ ಕಂತು ಪೂರ್ತಿಯಾಗಿ ಟಿ.ವಿ.ಯಲ್ಲಿ ಬಂದದ್ದು 1988ರಲ್ಲಿ. ನಾವು ಜಗಳವಾಡಿದ ದಿನ ಲೋಕದಲ್ಲಿ ಯಾವ ಟಿ.ವಿ.ಯೂ ಅದನ್ನು ಇಡಿಯಾಗಿ ತೋರಿಸಿರಲಿಲ್ಲ. ಆದರೂ ಸೋಲು ಸೋಲೇ. ವೋಚರ್ ಕೈಗೆ ಬಂದಿತ್ತು. ಇನ್ನು ಮಳೆ, ಮಂಡಿ ಎನ್ನುವ ಹಾಗಿರಲಿಲ್ಲ.

ಈ ಕತೆಯೆಲ್ಲ ವಠಾರವಿದ್ದ ಜಾಗದಿಂದ ಕೆ.ಆರ್. ಮಾರುಕಟ್ಟೆಯ ಮೆಟ್ರೋ ನಿಲ್ದಾಣದವರೆಗೆ ಸಾಕಾಯಿತು. ದಾರಿಯಲ್ಲಿ ಟಿಪ್ಪು ಅರಮನೆ, ಕೋಟೆ. ನೆಲದಡಿಯ ಮೆಟ್ರೋಗೆ ಇಳಿಯುವಾಗ ಮೊಮ್ಮಗಳು ಮೊದಲ ಕಂತಿನ ಒಳಗಿನ ಕತೆ ಶುರು ಮಾಡಿದಳು. ಚಿಕ್ಕಪೇಟೆ, ಮೆಜೆಸ್ಟಿಕ್ ಎರಡೂ ಕತ್ತಲ ಸುರಂಗದಲ್ಲೇ ಕಳೆದದ್ದರಿಂದ ಕತೆಗೆ ಜಾಗ ಸರಿಯಾಗಿತ್ತು.

ಹದಿನೆಂಟು ವರ್ಷದ ಹಿಂದೆ ಕಾಣೆಯಾದ ನೌಕೆಯಿಂದ ಸಹಾಯದ ಕರೆ ಬರುತ್ತದೆ. ಹುಡುಕಿಕೊಂಡು ಹೋದ ಕ್ಯಾಪ್ಟನ್ ಪೈಕ್‌ನನ್ನು ಆ ಗ್ರಹದವರು ನೆಲದಡಿಯ ಪಂಜರದಲ್ಲಿ ಹಾಕುತ್ತಾರೆ. ಅವರಿಗೆ ಮೈ ಚಿಕ್ಕದು, ತಲೆ ದೊಡ್ಡದು. ಮನಸ್ಸಿನಲ್ಲಿದ್ದದ್ದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಶಕ್ತಿ ಅವರದು. ಕೋಟೆ ನೆನೆದರೆ ಕೋಟೆ, ಮನೆ ನೆನೆದರೆ ಮನೆ. ಆದರೆ ಅವರ ಗತಿ ನೋಡಿ: ಯುದ್ಧ ಮಾಡಿಕೊಂಡು ಭೂಮಿ ಹಾಳುಮಾಡಿ ನೆಲದಡಿ ಸೇರಿದವರು, ಕನಸು ಕಾಣುವುದರಲ್ಲೇ ಮುಳುಗಿ, ತಮ್ಮ ಹಿರಿಯರು ಕಟ್ಟಿದ ಯಂತ್ರಗಳನ್ನು ರಿಪೇರಿ ಮಾಡುವುದನ್ನೂ ಮರೆತಿದ್ದಾರೆ. ಅದೇ ಹೊತ್ತಿಗೆ ನಮ್ಮ ಬೋಗಿಯಲ್ಲಿ ಎಲ್ಲರ ತಲೆಯೂ ಮೊಬೈಲಿನ ಕಡೆ ಬಗ್ಗಿತ್ತು. ಮೊಮ್ಮಗಳು ನನ್ನ ಮುಖ ನೋಡಿ, "ಬೇಡ ತಾತ, ಹೇಳಬೇಡ," ಎಂದಳು. ನಾನು ಹೇಳಲಿಲ್ಲ.

ಪಂಜರದಲ್ಲಿ ಒಬ್ಬ ಚೆಲುವೆಯೂ ಇರುತ್ತಾಳೆ, ವೀನಾ ಎಂದು. ಅವಳು ಹಳೆಯ ಅಪಘಾತದಲ್ಲಿ ಬದುಕಿ ಉಳಿದ ಒಬ್ಬಳೇ. ಮನುಷ್ಯರನ್ನು ಎಂದೂ ನೋಡಿರದ ಆ ಗ್ರಹದವರು ಅವಳ ಮುರಿದ ಮೈಯನ್ನು ತಮಗೆ ತಿಳಿದಂತೆ ಜೋಡಿಸಿದ್ದಾರೆ. ನಿಜದಲ್ಲಿ ಅವಳು ವಯಸ್ಸಾದ, ಮೈ ಸೊಟ್ಟಗಾದ ಹೆಂಗಸು. ಚೆಲುವು ಅವರು ಕೊಟ್ಟ ಕನಸು. ಸೆರೆ ಎಷ್ಟೇ ಸುಖವಾಗಿದ್ದರೂ ಮನುಷ್ಯರು ಅದನ್ನು ಒಪ್ಪುವುದಿಲ್ಲ ಎಂದು ತಿಳಿದು ಕೊನೆಗೆ ಪೈಕ್‌ನನ್ನು ಬಿಟ್ಟುಬಿಡುತ್ತಾರೆ. ವೀನಾ ಮಾತ್ರ ಅಲ್ಲೇ ಉಳಿಯುತ್ತಾಳೆ.

"ಅದಕ್ಕೇ ಸ್ಪಾಕ್ ಅವನನ್ನು ಮತ್ತೆ ಅಲ್ಲಿಗೆ ಕರಕೊಂಡು ಹೋಗೋದು," ಎಂದಳು. "ಕುರ್ಚಿಯಲ್ಲಿ ಕೂತವನು ಅಲ್ಲಿ ಮನಸ್ಸಿನಲ್ಲಾದರೂ ಓಡಾಡಲಿ ಅಂತ. ಸ್ನೇಹಿತ ಅಲ್ವಾ."

ನಾನು ಕಿಟಕಿಯ ಕಡೆ ತಿರುಗಿದೆ. ಸುರಂಗದಲ್ಲಿ ಕಾಣಲು ಏನೂ ಇರಲಿಲ್ಲ.

ಸಂಪಿಗೆ ರಸ್ತೆ ನಿಲ್ದಾಣಕ್ಕೆ ರೈಲು ಮೇಲೆ ಬಂದಾಗ ಬಿಸಿಲು. "ನಮ್ಮವರು ಇಂಥದ್ದು ಮಾಡಿಲ್ವಾ ತಾತ?" ಎಂದು ಕೇಳಿದಳು. ಮಾಡಿದ್ದಾರೆ. 1989ರಲ್ಲಿ ದೂರದರ್ಶನದಲ್ಲಿ 'ಇಂದ್ರಧನುಷ್' ಬಂತು, ಹುಡುಗರು ಕಾಲದಲ್ಲಿ ಹಿಂದೆ ಮುಂದೆ ಹೋಗುವ ಹಿಂದಿ ಕತೆ. ಅದರಲ್ಲಿ ಹುಡುಗರ ಅಪ್ಪನಾಗಿದ್ದವರು ನಮ್ಮ ಗಿರೀಶ್ ಕಾರ್ನಾಡರು. ಅದಕ್ಕೂ ಮೊದಲು ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್'ನಲ್ಲಿ ಸ್ವಾಮಿಯ ಅಪ್ಪನೂ ಅವರೇ. ಮಲ್ಲೇಶ್ವರದ 'ಮಲ್', ಬಸವನಗುಡಿಯ 'ಗುಡಿ' ಸೇರಿ ಮಾಲ್ಗುಡಿಯಾಯಿತು ಎಂದು ನಮ್ಮ ಕಡೆ ಹೇಳುವುದುಂಟು. ಹಾಗಿದ್ದರೆ ಅವತ್ತು ನಾವು ದೋಸೆ ಹಿಡಿದುಕೊಂಡು 'ಗುಡಿ'ಯಿಂದ 'ಮಲ್'ಗೆ ಬಂದಿದ್ದೆವು.

ಆಟೋ ಹಿಡಿದು ಹದಿನೈದನೇ ಅಡ್ಡರಸ್ತೆಯ ಕಡೆ ಹೋದೆವು. ಸರ್ ಸಿ.ವಿ. ರಾಮನ್ ಅವರ 'ಪಂಚವಟಿ' ಮನೆ ಇರುವುದು ಆ ಭಾಗದಲ್ಲೇ. ರಾಯರ ಮನೆ ಸಮೀಪಿಸಿದಂತೆ ನನ್ನ ನಡಿಗೆ ನಿಧಾನವಾಯಿತು. ಎಂಟು ತಿಂಗಳ ಲೆಕ್ಕ ಕೇಳಿದರೆ ಏನು ಹೇಳಲಿ? ಕೇಳಲು ಅವರಿಗೆ ಮಾತಿಲ್ಲ ಎಂಬುದು ನೆನಪಾಗಿ ಇನ್ನೂ ಕಷ್ಟವಾಯಿತು.

"ಬನ್ನಿ ಅಂಕಲ್," ಎಂದು ಅವರ ಸೊಸೆ ಬಾಗಿಲು ತೆರೆದರು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ರಾಯರು ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿದ್ದರು. ಎಡಗೈ ಹತ್ತಿರ ಸ್ಟೂಲಿನ ಮೇಲೆ ದೇವರ ಮನೆಯ ಪುಟ್ಟ ಗಂಟೆ. ಸೊಸೆ ಹೇಳಿದರು: "ಮಾವ ಈಗ ಇದರಲ್ಲೇ ಮಾತಾಡೋದು ಅಂಕಲ್. ಒಂದು ಸಲ ಹೊಡೆದರೆ ಹೌದು, ಎರಡು ಸಲ ಹೊಡೆದರೆ ಇಲ್ಲ."

ಮೊಮ್ಮಗಳು ನನ್ನ ಅಂಗಿಯ ತೋಳು ಜಗ್ಗಿದಳು. ನಾನು ಅವಳ ಕೈ ಒತ್ತಿದೆ. ಆ ಸೊಸೆ ಯಾವ ಧಾರಾವಾಹಿಯನ್ನೂ ನೋಡಿದವರಲ್ಲ. ಬೇಕು ಬೇಡ ತಿಳಿಯಲು ಅವರಿಗೆ ತಾನಾಗಿ ತೋಚಿದ ಉಪಾಯ ಅದು.

ಮೊಮ್ಮಗಳು ಟ್ಯಾಬನ್ನು ರಾಯರ ಮುಂದೆ ಇಟ್ಟು ಮೊದಲ ಕಂತು ಹಾಕಿದಳು. ಈ ಸಲ ಕನ್ನಡದಲ್ಲಿ ಹೇಳುವ ಕೆಲಸ ನನ್ನದಾಯಿತು. ಏನು ಮಾತಾಡಬೇಕೆಂದು ಎಂಟು ತಿಂಗಳು ಹೆದರಿದ್ದವನು ಒಂದು ಗಂಟೆ ನಿಲ್ಲಿಸದೆ ಮಾತಾಡಿದೆ. ಸ್ಪಾಕ್ ಆ ಗ್ರಹದಲ್ಲಿ ಇಳಿದು, ನೀಲಿ ಎಲೆಯ ಗಿಡ ಮುಟ್ಟಿ, ನಕ್ಕ. ರಾಯರ ಎಡಗೈ ಚಾಚಿತು. ಗಂಟೆ ಒಂದು ಸಲ ಹೊಡೆಯಿತು. ಬಹಳ ಜೋರಾಗಿ.

"ನೀವೇ ಗೆದ್ದಿರಿ ರಾಯರೇ. ಬೇರೆ ಕೇಸಿನ ಮೊಳೆ. ನಂದೇ ತಪ್ಪು," ಎಂದೆ. ಆಮೇಲೆ ತಡವರಿಸಿ, "ಬಾರದೆ ಇದ್ದದ್ದೂ ನಂದೇ ತಪ್ಪು," ಎಂದು ಸೇರಿಸಿದೆ. ಅವರು ಗಂಟೆ ಮುಟ್ಟಲಿಲ್ಲ. ಎಡಗೈಯನ್ನು ನನ್ನ ಮಂಡಿಯ ಮೇಲೆ ಇಟ್ಟರು, ಅಷ್ಟೇ.

ಕಂತು ಮುಗಿದ ಮೇಲೆ ದೋಸೆಯ ಪೊಟ್ಟಣ ಬಿಚ್ಚಿದೆವು. ಗರಿಗರಿಯಾಗಿದ್ದದ್ದು ದಾರಿಯಲ್ಲಿ ಪೂರ್ತಿ ಮೆತ್ತಗಾಗಿತ್ತು. ಅದೇ ಒಳ್ಳೆಯದಾಯಿತು. ಡಾಕ್ಟರು ಅವರಿಗೆ ಮೆತ್ತಗಿನದನ್ನೇ ಕೊಡಿ ಎಂದಿದ್ದಾರಂತೆ. ಸೊಸೆ ಆಲೂಗೆಡ್ಡೆ ಪಲ್ಯದೊಡನೆ ಚೂರು ಚೂರು ಮಾಡಿ ತಿನ್ನಿಸಿದರು. ನಾಲ್ಕು ತುತ್ತು ತಿಂದರು. ಐದನೆಯದಕ್ಕೂ ಬಾಯಿ ತೆರೆದರು.

ನಾನು ಸಮಾಧಾನದ ಉಸಿರು ಬಿಟ್ಟು, "ಸರಿ ಹಾಗಾದರೆ. ನಲವತ್ತು ವರ್ಷದ ಬಾಕಿ ಇವತ್ತಿಗೆ ಚುಕ್ತಾ. ಅಲ್ವೇ ರಾಯರೇ?" ಎಂದೆ.

ಗಂಟೆ ಎರಡು ಸಲ ಹೊಡೆಯಿತು.

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. "ಚಟ್ನಿ ಬೇಕಾ ಮಾವ?" ಎರಡು ಸಲ. "ಇನ್ನೊಂದು ದೋಸೆನಾ?" ಎರಡು ಸಲ. ರಾಯರ ಕಣ್ಣು ನನ್ನ ಮೇಲೇ ಇತ್ತು. ಪ್ರೂಫಿನಲ್ಲಿ ನಾನು ಏನೋ ಬಿಟ್ಟಿದ್ದೇನೆ ಎನ್ನುವ ನೋಟ ಅದು. ತಲೆ ಕೆರೆದುಕೊಂಡೆ. ಆಗ ಚಾಮರಾಜಪೇಟೆಯ ಆ ಭಾನುವಾರದಿಂದ ಒಂದು ಮಾತು ನಿಧಾನವಾಗಿ ಎದ್ದು ಬಂತು.

"ಕಾಫಿ?" ಎಂದೆ. "ದೋಸೆಯ ಜೊತೆ ಕಾಫಿ ಅಂತಲೂ ಇತ್ತಾ ಪಂಥದಲ್ಲಿ?"

ಒಂದು ಸಲ.

ಸೊಸೆ ನಕ್ಕು ಅಡುಗೆಮನೆಗೆ ಹೊರಟರು. ನಾನು ತಡೆದೆ. "ಬೇಡಮ್ಮ, ಈ ಮನೆ ಕಾಫಿ ಲೆಕ್ಕಕ್ಕೆ ಬರಲ್ಲ. ಗಾಂಧಿ ಬಜಾರಿನಿಂದಲೇ ಫ್ಲಾಸ್ಕಿನಲ್ಲಿ ತರಬೇಕು." ರಾಯರ ಕಡೆ ತಿರುಗಿ ಕೇಳಿದೆ: "ಮುಂದಿನ ಭಾನುವಾರ ತರಲಾ? ಎರಡನೇ ಕಂತೂ ನೋಡೋಣ."

ಗಂಟೆ ಹೊಡೆದದ್ದು ಒಂದೇ ಸಲ. ಅಂದಿನಿಂದ ಮೂರು ಭಾನುವಾರವಾಯಿತು. ಇನ್ನೂ ಎಪ್ಪತ್ತಕ್ಕೂ ಹೆಚ್ಚು ಕಂತು ಬಾಕಿ ಇವೆ.